ಬೋರ್ಡಿನಲ್ಲಿ ಒಂದು ಇಸವಿ, ಗೋಡೆಯ ಮೇಲೆ ಇನ್ನೊಂದು: ಗೋವಾದ ಹಳ್ಳಿ ಇಗರ್ಜಿಯ ವಯಸ್ಸೆಷ್ಟು?

ಪ್ರಶ್ನೆ: ನಾನು ಹಾವೇರಿ ಕಡೆಯವನು ಸರ್. ಕೆಲಸಕ್ಕಾಗಿ ಗೋವಾಕ್ಕೆ ಬಂದು ಪರ್ವರಿಯಲ್ಲಿ ಮನೆ ಮಾಡಿದ್ದೇನೆ. ಹತ್ತಿರದ ಹಳ್ಳಿಯಲ್ಲಿ ಒಂದು ಹಳೆಯ ಇಗರ್ಜಿ, ಅಂದರೆ ಚರ್ಚು, ಇದೆ. ಗೇಟಿನ ಬೋರ್ಡಿನಲ್ಲಿ 16ನೇ ಶತಮಾನದ ಕೊನೆಯಲ್ಲಿ ಸ್ಥಾಪನೆ ಅಂತಿದೆ. ಮುಂದಿನ ಗೋಡೆಯ ಮೇಲೆ 18ನೇ ಶತಮಾನದ ಇಸವಿ ಇದೆ. ಯಾವುದನ್ನು ನಂಬಬೇಕು? ಮುಂದೆ ನಿಂತರೆ ಅರಮನೆ, ಪಕ್ಕಕ್ಕೆ ಹೋದರೆ ಹೆಂಚಿನ ಗೋದಾಮು. ಯಾಕೆ ಹೀಗೆ? ಇದು ದೇವಸ್ಥಾನದ ಜಾಗ ಅಂತಲೂ ಕೆಲವರು ಹೇಳುತ್ತಾರೆ. ನಮ್ಮ ಕನ್ನಡ ಸಂಘದ ಮಕ್ಕಳನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಏನು ತೋರಿಸಬೇಕು?

ಉತ್ತರ: ಎರಡೂ ಇಸವಿ ನಿಜವೇ. ಮೂರನೆಯದು, ನಾಲ್ಕನೆಯದು ಕೂಡ ಆ ಕಟ್ಟಡದಲ್ಲಿ ಇದ್ದೇ ಇರುತ್ತವೆ, ಯಾರೂ ಬರೆದಿಟ್ಟಿಲ್ಲ ಅಷ್ಟೇ. ಬೋರ್ಡಿನಲ್ಲಿರುವುದು ಧರ್ಮಕೇಂದ್ರದ ವಯಸ್ಸು. ಅಂದರೆ ಆ ಊರಿಗೆ ಅಂತ ಒಬ್ಬ ಪಾದ್ರಿ ನೇಮಕವಾಗಿ, ಜ್ಞಾನಸ್ನಾನ, ಮದುವೆ, ಸಾವಿನ ಲೆಕ್ಕ ಬರೆಯಲು ಶುರುವಾದ ಕಾಲ. ಗೋಡೆಯ ಮೇಲಿರುವುದು ಆ ಗೋಡೆಯ ವಯಸ್ಸು. ಪೂರ್ತಿ ಕಟ್ಟಡಕ್ಕೆ ಒಂದೇ ವಯಸ್ಸು ಹುಡುಕಲು ಹೊರಟರೆ ತಲೆ ಕೆಡುತ್ತದೆ. ಯಾವ ಭಾಗ ಯಾವಾಗಿನದು, ಅದಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಕೇಳುತ್ತಾ ಹೋಗಿ. ಆಗ ಊರಿನ ಚರಿತ್ರೆಯೇ ಕೈಗೆ ಸಿಗುತ್ತದೆ.

ಮೊದಲು ಬೋರ್ಡಿನ ಕಾಲ. ಪೋರ್ಚುಗೀಸರು 1510ರಲ್ಲಿ ಗೆದ್ದದ್ದು ಈಗಿನ ತಿಸವಾಡಿ ದ್ವೀಪ ಮತ್ತು ಅದರ ಸುತ್ತಲಿನ ಜಾಗ ಮಾತ್ರ. ನೀವಿರುವ ಬಾರ್ದೇಸ್, ಮತ್ತೆ ದಕ್ಷಿಣದ ಸಾಷ್ಟಿ, ವಿಜಯಪುರದ ಆದಿಲ್‌ಶಾಹಿಯ ಕೈಲಿದ್ದವು. ಅವು ಖಾಯಂ ಆಗಿ ಪೋರ್ಚುಗೀಸರ ಪಾಲಾದದ್ದು 1543ರಲ್ಲಿ. ಆಮೇಲೆ ಬಾರ್ದೇಸನ್ನು ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೂ ಸಾಷ್ಟಿಯನ್ನು ಜೆಸುಯಿಟ್ ಸನ್ಯಾಸಿಗಳಿಗೂ ಹಂಚಿಕೊಟ್ಟರು. ಬಾರ್ದೇಸಿನ ಮೊದಲ ಚರ್ಚು ಮಾಂಡವಿ ದಂಡೆಯ ರೇಯಿಸ್ ಮಾಗೋಸ್. ಅದು 1550ರ ದಶಕದ್ದು. ಅಲ್ಲಿಂದ ಮುಂದೆ ಒಂದೊಂದೇ ಊರಿಗೆ ಹಬ್ಬಿತು. ಶುರುವಿನ ಕಟ್ಟಡಗಳಲ್ಲಿ ಎಷ್ಟೋ ಮಣ್ಣಿನ ಗೋಡೆ, ತೆಂಗಿನ ಗರಿಯ ಮಾಡಿನವು. ಅವು ಇವತ್ತು ಉಳಿದಿಲ್ಲ. ಆದ್ದರಿಂದ ಬೋರ್ಡಿನ ಇಸವಿಯ ಕಾಲದ ಒಂದು ಕಲ್ಲೂ ನಿಮ್ಮ ಕಣ್ಣಿಗೆ ಬೀಳದೇ ಇರಬಹುದು.

ಈಗ ದೇವಸ್ಥಾನದ ವಿಷಯ. ಇದನ್ನು ಕೆಲವರು ಪಿಸುಗುಟ್ಟುತ್ತಾರೆ, ಕೆಲವರು ಜೋರಾಗಿ ಕೂಗುತ್ತಾರೆ. ನೇರವಾಗಿ ಹೇಳುವುದೇ ಒಳ್ಳೆಯದು. ತಿಸವಾಡಿಯಲ್ಲಿ 1540ರ ಆಸುಪಾಸು, ಬಾರ್ದೇಸ್ ಮತ್ತು ಸಾಷ್ಟಿಯಲ್ಲಿ 1560ರ ದಶಕದಲ್ಲಿ ದೇವಸ್ಥಾನಗಳನ್ನು ಒಡೆದದ್ದು ಸರ್ಕಾರಿ ಕಾಗದಗಳಲ್ಲೇ ದಾಖಲಾಗಿದೆ. ದೇವರ ಹೆಸರಿಗಿದ್ದ ಗದ್ದೆ-ತೋಟಗಳ ಆದಾಯವನ್ನು ಚರ್ಚುಗಳಿಗೆ ತಿರುಗಿಸಿದರು. ತಿಸವಾಡಿಯಲ್ಲಿ ಇದು ಆದದ್ದು 1541ರಲ್ಲಿ. ಜನ ದೇವರನ್ನು ಹೊತ್ತುಕೊಂಡು ನದಿ ದಾಟಿದರು. ಮಂಗೇಶಿ ದೇವರು 1560ರಲ್ಲಿ ಕುಶಸ್ಥಳಿಯಿಂದ, ಅಂದರೆ ಈಗಿನ ಕುಠ್ಠಾಳಿಯಿಂದ, ಪ್ರಿಯೋಳಕ್ಕೆ ಬಂದದ್ದು ಹೀಗೆ. ಕೆಳಶಿಯ ಶಾಂತಾದುರ್ಗೆ ಕವಳೆಗೆ ಬಂದಳು, ವೇರ್ಣೆಯ ಮಹಾಲಸೆ ಮಾರ್ದೋಳಕ್ಕೆ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಸಾವಿರಾರು ಮನೆಗಳ ಕುಲದೇವರು ಇವರು. ಅವರ ಈಗಿನ ವಿಳಾಸದ ಹಿಂದೆ ಈ ಕಥೆ ಇದೆ. ಈ ಹೊಸ ಜಾಗಗಳಿರುವ ಫೋಂಡಾ ಭಾಗ ಪೋರ್ಚುಗೀಸರ ಕೈಗೆ ಹೋದದ್ದು 18ನೇ ಶತಮಾನದಲ್ಲಿ, ಅಷ್ಟರಲ್ಲಿ ಒಡೆಯುವ ಹುಚ್ಚು ಇಳಿದಿತ್ತು.

ಹಾಗಂತ ಪ್ರತಿ ಇಗರ್ಜಿಯ ಕೆಳಗೂ ಗರ್ಭಗುಡಿ ಇದೆ ಅನ್ನುವುದು ಸರಿಯಲ್ಲ. ಕೆಲವನ್ನು ಗುಡ್ಡದ ಓರೆಯಲ್ಲಿ ಹೊಸ ಜಾಗ ನೋಡಿ ಕಟ್ಟಿದರು. ಕೆಲವು ಹೊಳೆಯ ಧಕ್ಕೆಯ ಪಕ್ಕ ಬಂದವು. ಆಗ ಓಡಾಟವೆಲ್ಲ ದೋಣಿಯಲ್ಲೇ ತಾನೇ. ನಿಮ್ಮ ಊರಿನದು ಯಾವ ಬಗೆಯದು ಅಂತ ಆ ಊರಿನ ಕಾಗದ ನೋಡದೆ ಹೇಳಬಾರದು. ಹಳೆಯ ಗುರುತು ಕಣ್ಣಾರೆ ಕಾಣಬೇಕು ಅಂದರೆ ದಿವಾಡಿ ದ್ವೀಪಕ್ಕೆ ಹೋಗಿ. ಅಲ್ಲಿನ ಪಿಯೆದಾದ್ ಚರ್ಚಿನ ಸ್ಮಶಾನದಲ್ಲಿ ಒಂದು ಕಪೇಲ್, ಅಂದರೆ ಪುಟ್ಟ ಪ್ರಾರ್ಥನಾಲಯ, ಇದೆ. ಅದರೊಳಗೆ ಕದಂಬರ ಕಾಲದ ದೇವಾಲಯದ ಕೆತ್ತನೆ ಉಳಿದಿದೆ. ಗೋವಾ ಕದಂಬರ ಆರಾಧ್ಯದೈವ ಸಪ್ತಕೋಟೇಶ್ವರ ಇದ್ದದ್ದೂ ಇದೇ ದ್ವೀಪದಲ್ಲಿ. ಕನ್ನಡ ಸಂಘದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಕಾಣೆ.

ಇಗರ್ಜಿಯನ್ನು ಕಟ್ಟಿದವರು ಯಾರು? ‘ಪೋರ್ಚುಗೀಸ್ ಚರ್ಚು’ ಅಂತ ಎಲ್ಲರೂ ಸಲೀಸಾಗಿ ಅಂದುಬಿಡುತ್ತಾರೆ. ನನಗೆ ಆ ಮಾತು ಅಷ್ಟು ಒಪ್ಪಿಗೆಯಿಲ್ಲ. ಪೋರ್ಚುಗೀಸರ ಮೊದಲಿನ ರಾಜಧಾನಿ ‘ಹಳೆ ಗೋವಾ’ದ ದೊಡ್ಡ ಚರ್ಚುಗಳಿಗೆ ರಾಜನ ಬೊಕ್ಕಸ ಮತ್ತು ಶ್ರೀಮಂತ ಸನ್ಯಾಸಿ ಸಂಘಗಳು ಇದ್ದವು. ಹಳ್ಳಿಯಲ್ಲಿ ದುಡ್ಡು ಬಂದದ್ದು ಗಾಂವ್ಕರಿಯಿಂದ. ಪೋರ್ಚುಗೀಸರು ಬರುವ ಮೊದಲೇ ಇಲ್ಲಿ ಊರಿನ ಮೂಲ ಮನೆತನಗಳು ಸೇರಿ ಗದ್ದೆಗಳನ್ನು ಒಟ್ಟಾಗಿ ನೋಡಿಕೊಳ್ಳುತ್ತಿದ್ದವು. ಗೇಣಿ ಬಂದ ಮೇಲೆ ತೆರಿಗೆ, ಗದ್ದೆಯ ಒಡ್ಡಿನ ದುರಸ್ತಿ, ದೇವಸ್ಥಾನದ ಖರ್ಚು ಕಳೆದು, ಉಳಿದದ್ದನ್ನು ಗಾಂವ್ಕಾರರು ಹಂಚಿಕೊಳ್ಳುತ್ತಿದ್ದರು. ಪೋರ್ಚುಗೀಸರು 1526ರಲ್ಲಿ ಈ ಪದ್ಧತಿಯನ್ನು ಬರೆದಿಟ್ಟು ಹಾಗೇ ಮುಂದುವರಿಸಿದರು. ಅದೇ ಮುಂದೆ ಕೊಮುನಿದಾದ್ ಆಯಿತು. ಜನ ಮತಾಂತರವಾದರು, ಲೆಕ್ಕದ ಪುಸ್ತಕ ಬದಲಾಗಲಿಲ್ಲ. ದೇವಸ್ಥಾನ ಅಂತಿದ್ದ ಕಡೆ ಇಗರ್ಜಿ ಅಂತ ಬಂತು. ಅದೇ ಗದ್ದೆಯ ಭತ್ತದಿಂದಲೇ ಗೋಡೆ ಎದ್ದಿತು. ಕಲ್ಲು ಕಡಿದವರು, ಮರ ಕೆತ್ತಿದವರು, ಗಾರೆ ಮೆತ್ತಿದವರು ಎಲ್ಲರೂ ಇಲ್ಲಿನವರೇ.

ಗೋಡೆಯ ಇಸವಿಗೆ ಬರೋಣ. 18ನೇ ಶತಮಾನದಲ್ಲಿ ಯಾಕೆ ಅಷ್ಟೊಂದು ಇಗರ್ಜಿಗಳು ಹೊಸ ಮುಖ ಪಡೆದವು? ಒಂದು ಕಾರಣ ಯುದ್ಧ. 1683ರಲ್ಲಿ ಸಂಭಾಜಿಯ ಪಡೆ, 1739ರಲ್ಲಿ ಮತ್ತೆ ಮರಾಠರು ಬಾರ್ದೇಸ್ ಮತ್ತು ಸಾಷ್ಟಿಯೊಳಗೆ ನುಗ್ಗಿದ್ದರು. ಹಾಳಾದದ್ದನ್ನು ಸರಿಮಾಡಬೇಕಿತ್ತು. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಆ ಹೊತ್ತಿಗೆ ಗೋವಾದವರೇ ಪಾದ್ರಿಗಳಾಗಿ ಮುಂದೆ ಬಂದಿದ್ದರು. ತಿಸವಾಡಿಯ ತಲಾವ್ಲಿಯಲ್ಲಿರುವ ಸಾಂತಾನ ಚರ್ಚು ನೋಡಿ. 1681ರಿಂದ 1695ರ ನಡುವೆ ಕಟ್ಟಿದ್ದು. ಅದನ್ನು ಶುರು ಮಾಡಿದ ಫ್ರಾನ್ಸಿಸ್ಕೊ ದೊ ರೇಗೊ ಇಲ್ಲಿನವರೇ ಆದ ಪಾದ್ರಿ. ದಿವಾಡಿಯ ಪಿಯೆದಾದ್ ಚರ್ಚಿನ ನಕ್ಷೆ ಕೂಡ ಗೋವಾದ ಪಾದ್ರಿ ಆಂತೋನಿಯೊ ಜುವಾಂವ್ ದೆ ಫ್ರಿಯಾಸ್ ಅವರದು, 18ನೇ ಶತಮಾನದ ಮೊದಲ ಭಾಗದ್ದು. 1759ರಲ್ಲಿ ಜೆಸುಯಿಟರನ್ನು ಹೊರಗೆ ಹಾಕಿದರು. ಬಾರ್ದೇಸಿನಲ್ಲೂ ಸ್ವಲ್ಪ ಕಾಲದಲ್ಲೇ ಫ್ರಾನ್ಸಿಸ್ಕನ್ನರ ಕೈಯಿಂದ ಊರಿನ ಇಗರ್ಜಿಗಳು ಸ್ಥಳೀಯ ಪಾದ್ರಿಗಳ ಕೈಗೆ ಬಂದವು. ಊರಿನ ದುಡ್ಡಿಗೆ ಊರಿನವರದೇ ರುಚಿ ಸೇರಿತು. ಪಕ್ಕದ ಊರಿನವರದಕ್ಕಿಂತ ನಮ್ಮದು ಎತ್ತರವಿರಬೇಕು ಅನ್ನುವ ಪೈಪೋಟಿಯೂ ಸೇರಿತು. ಇದನ್ನು ಯಾವ ಬೋರ್ಡಿನಲ್ಲೂ ಬರೆಯುವುದಿಲ್ಲ ಬಿಡಿ.

ನಿಮ್ಮ ಅರಮನೆ-ಗೋದಾಮು ಪ್ರಶ್ನೆಗೆ ಉತ್ತರ ಇರುವುದು ಕಲ್ಲಿನಲ್ಲಿ. ಇಲ್ಲಿ ಸಿಗುವುದು ಚಿರೇಕಲ್ಲು. ಘಟ್ಟದ ಕೆಳಗೆ ಇದನ್ನೇ ಜಂಬಿಟ್ಟಿಗೆ, ಮುರಕಲ್ಲು ಅಂತಾರೆ. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಕಡಿಯುವುದು ಸುಲಭ, ಅಗ್ಗ, ಆದರೆ ಮೈತುಂಬ ರಂಧ್ರ. ಹೊಯ್ಸಳರ ಬಳಪದ ಕಲ್ಲಿನಂತೆ ಇದರಲ್ಲಿ ಸೂಕ್ಷ್ಮ ಕೆತ್ತನೆ ಆಗುವುದಿಲ್ಲ. ಆದ್ದರಿಂದ ಗೋಡೆಯನ್ನು ದಪ್ಪ ಚಿರೇಕಲ್ಲಿನಲ್ಲಿ ಏರಿಸಿ, ಅಲಂಕಾರವನ್ನೆಲ್ಲ ಸುಣ್ಣದ ಗಾರೆಯಲ್ಲಿ ಮಾಡಿದರು. ಕಂಬದ ಬೋದಿಗೆ, ಹೂಬಳ್ಳಿ, ಸುರುಳಿ, ಕಿಟಕಿಯ ಸುತ್ತಿನ ಪಟ್ಟಿ, ಎಲ್ಲವೂ ಗಾರೆ. ಸುಣ್ಣವನ್ನು ಚಿಪ್ಪು ಸುಟ್ಟು ಮಾಡುತ್ತಿದ್ದರು.

ಗಾರೆಯ ಅಲಂಕಾರಕ್ಕೆ ಒಂದು ಅನುಕೂಲವಿದೆ. ಕಾಲಕ್ಕೆ ತಕ್ಕ ಹಾಗೆ ಬದಲಿಸಬಹುದು. ಒಳಗಿನ ಹಜಾರ ಮುಟ್ಟದೆ, ಮುಂಗೋಡೆಯನ್ನು ಮಾತ್ರ ಎತ್ತರಿಸಿ, ಎರಡು ಗೋಪುರ ಕೂರಿಸಿ, ನಡುವೆ ಸುರುಳಿಯ ಮುಡಿ ಇಟ್ಟರೆ ಊರಿಗೆ ಹೊಸ ಇಗರ್ಜಿ. ಹಿಂದೆ ಉಳಿದದ್ದು ಉದ್ದನೆಯ ಒಂದೇ ಹಜಾರ, ಮೇಲೆ ಮರದ ತೊಲೆ-ಜಂತಿ, ಹೆಂಚು. ಕೊನೆಯಲ್ಲಿ ಬಲಿಪೀಠದ, ಅಂದರೆ ಪಾದ್ರಿ ಪೂಜೆ ನಡೆಸುವ ಕಟ್ಟೆಯ, ಸ್ವಲ್ಪ ಕಿರಿದಾದ ಭಾಗ. ಅದರ ಮೇಲೆ ಮಾತ್ರ ಎಷ್ಟೋ ಕಡೆ ಕಲ್ಲಿನ ಕಮಾನು ಚಾವಣಿ ಇರುತ್ತದೆ. ಪೂರ್ತಿ ಹಜಾರಕ್ಕೆ ಕಮಾನು ಹಾಕಿದರೆ ಅದರ ಭಾರ ಗೋಡೆಗಳನ್ನು ಹೊರಗೆ ತಳ್ಳುತ್ತದೆ. ಆ ಒತ್ತಡ ತಡೆಯುವಷ್ಟು ದಪ್ಪ ಗೋಡೆಗೆ ಹಳ್ಳಿಯ ಭತ್ತ ಸಾಲುತ್ತಿರಲಿಲ್ಲ. ಕಳಂಗುಟಿನ ಸಂತ ಅಲೆಕ್ಸ್ ಚರ್ಚಿನಲ್ಲಿ ಇದು ತಮಾಷೆಯಾಗಿಯೇ ಕಾಣುತ್ತದೆ. ಅದು 1741ರಲ್ಲಿ ಮತ್ತೆ ಕಟ್ಟಿದ್ದು. ಎರಡು ಗೋಪುರದ ನಡುವೆ ದೊಡ್ಡ ಗುಮ್ಮಟ ಇದೆ. ಒಳಗೆ ಹೋಗಿ ತಲೆಯೆತ್ತಿದರೆ ಗುಮ್ಮಟವೇ ಇಲ್ಲ! ಅದು ಬೀದಿಯವರಿಗೆ ಮಾತ್ರ. ಕೆಲವು ವಿದ್ವಾಂಸರು ಇದನ್ನು ಮೋಸ ಅಂತ ಮೂಗು ಮುರಿಯುತ್ತಾರೆ. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಹಬ್ಬದ ಮೆರವಣಿಗೆ ನಡೆಯುವುದು ಅಂಗಳದಲ್ಲಿ. ದೊಡ್ಡ ಶಿಲುಬೆ ನೆಟ್ಟಿರುವುದೂ ಅಂಗಳದಲ್ಲಿ. ಮುಂಗೋಡೆ ಆ ಬಯಲು ಜಾಗದ ಹಿನ್ನೆಲೆ.

ಈ ಗಾರೆಯ ಬಗ್ಗೆ ಇನ್ನೂ ಹೇಳಬೇಕು, ಯಾಕೆಂದರೆ ಇವತ್ತಿನ ಜಗಳವೆಲ್ಲ ಅದರದ್ದೇ. ಹಳೆ ಗೋವಾದ ಬೋಂ ಜೆಸುಸ್ ಬಸಿಲಿಕವನ್ನು ನೀವು ನೋಡಿಯೇ ಇರುತ್ತೀರಿ. 1594ರಿಂದ 1605ರ ನಡುವೆ ಕಟ್ಟಿದ್ದು, ಕೆಂಪಗೆ ಬರಿಮೈಯಲ್ಲಿ ನಿಂತಿದೆ. ಅದು ಹಾಗಿರಲಿಲ್ಲ. 1950ರ ದಶಕದಲ್ಲಿ, ಪೋರ್ಚುಗೀಸ್ ಆಳ್ವಿಕೆಯ ಕೊನೆಗಾಲದಲ್ಲಿ, ಕಲ್ಲು ಕಂಡರೆ ಹಳೆಯದಾಗಿ ಚೆನ್ನಾಗಿ ಕಾಣುತ್ತದೆ ಅಂತ ಗಾರೆ ಕಿತ್ತು ಹಾಕಿದರು. ಈಗ ಅದೇ ಗೋವಾದ ಗುರುತಾಗಿಬಿಟ್ಟಿದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ರಂಧ್ರದ ಕಲ್ಲು ನೀರು ಕುಡಿಯುತ್ತದೆ, ಸವೆಯುತ್ತದೆ. ಮತ್ತೆ ಗಾರೆ ಹಾಕಬೇಕೋ ಬೇಡವೋ ಎಂಬ ವಾದ ಇನ್ನೂ ಮುಗಿದಿಲ್ಲ. ನಾನು ಹಾಕಬೇಕು ಅನ್ನುವ ಗುಂಪಿನವನು. ಹಳ್ಳಿ ಇಗರ್ಜಿಗಳ ಬಿಳಿ ಬಣ್ಣ ಬರೀ ಚಂದಕ್ಕಲ್ಲ. ಮಳೆಗಾಲ ಮುಗಿದ ಮೇಲೆ ಬಳಿಯುವ ಸುಣ್ಣ ಆ ಕಟ್ಟಡದ ಚರ್ಮ. ಹಳೆಯ ಕಾಲದಲ್ಲಿ ಮನೆಗೆ ಬಿಳಿ ಬಳಿಯುವ ಹಾಗಿರಲಿಲ್ಲ, ಬಿಳಿ ಚರ್ಚಿಗೆ ಮಾತ್ರ ಮೀಸಲು ಅಂತ ಗೋವಾದಲ್ಲಿ ಒಂದು ಮಾತಿದೆ, ಗೈಡುಗಳು ಖಂಡಿತ ಹೇಳುತ್ತಾರೆ.

ನಿಮ್ಮ ಊರಿನ ಇಗರ್ಜಿಗೆ ಸಿಮೆಂಟ್ ಬಳಿದಿದ್ದಾರಾ ನೋಡಿ. ಗೋಡೆಯ ಬುಡದಲ್ಲಿ ಪೊರೆ ಎದ್ದು, ಬಿಳಿ ಉಪ್ಪು ಕಾಣಿಸುತ್ತಿದ್ದರೆ ಅದೇ ಕಾರಣವಿರಬಹುದು. ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯೇ ಹಳೆಯ ಗೋಡೆಗೆ ಮುಳುವಾಗುವುದು ಹೀಗೆ.

ಚಾವಣಿಯದು ಮೂರನೆಯ ಇಸವಿ, ಅದರಲ್ಲಿ ನಮ್ಮ ಕರ್ನಾಟಕದ ಪಾಲೂ ಇರಬಹುದು. ಮೊದಲು ಹೊದಿಸುತ್ತಿದ್ದದ್ದು ಅರ್ಧ ಕೊಳವೆಯಾಕಾರದ ನಾಡಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ, ಚಪ್ಪಟೆಯ ಮಂಗಳೂರು ಹೆಂಚು ಪಶ್ಚಿಮ ಕರಾವಳಿಯ ತುಂಬ ಹರಡಿತು. ನಿಮ್ಮ ‘ಗೋದಾಮಿನ’ ಮೇಲೆ ಇರುವುದು ಅದೇ ಆಗಿದ್ದರೆ, ಆ ಮಾಡು 1865ಕ್ಕಿಂತ ಹಿಂದಿನದಲ್ಲ. ರಿಪೇರಿ ನಡೆಯುತ್ತಿದ್ದರೆ ಕೆಳಗೆ ಇಳಿಸಿಟ್ಟ ಹೆಂಚಿನ ಬೆನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಅಚ್ಚು ಸಿಗಬಹುದು.

ಒಳಗೆ ಹೋದರೆ ಎಲ್ಲರ ಕಣ್ಣು ನೇರ ಬಲಿಪೀಠದ ಹಿಂದಿನ ಬಂಗಾರದ ಕೆತ್ತನೆಯ ಮೇಲೆ ಬೀಳುತ್ತದೆ. ಬೀಳಲಿ. ಸಾಗವಾನಿಯಲ್ಲಿ ಕೆತ್ತಿ ಚಿನ್ನದ ರೇಕು ಹಚ್ಚಿದ್ದು ಅದು. ತಿರುಚಿದ ಕಂಬಗಳಿದ್ದರೆ ಸಾಮಾನ್ಯವಾಗಿ 17ನೇ ಶತಮಾನದ ಕೊನೆ ಅಥವಾ ಆಮೇಲಿನದು. ಆದರೆ ನನ್ನನ್ನು ಕೇಳಿದರೆ ಮೊದಲು ಪುಲ್ಪಿತ್ ನೋಡಿ. ಹಜಾರದ ಪಕ್ಕದ ಗೋಡೆಯ ನಡುವೆ, ಆಳೆತ್ತರಕ್ಕಿಂತ ಮೇಲೆ, ಮರದ ಒಂದು ಪುಟ್ಟ ಬಾಲ್ಕನಿ ಇರುತ್ತದೆ. ಮೈಕು ಇಲ್ಲದ ಕಾಲದಲ್ಲಿ ಪಾದ್ರಿ ಅಲ್ಲಿ ಹತ್ತಿ ಪ್ರವಚನ ಮಾಡುತ್ತಿದ್ದರು. ತಲೆಯ ಮೇಲಿನ ಮರದ ಕೊಡೆ ಸದ್ದನ್ನು ಜನರ ಕಡೆಗೆ ತಳ್ಳುತ್ತಿತ್ತು. ಈಗ ಯಾರೂ ಹತ್ತುವುದಿಲ್ಲ, ಆದ್ದರಿಂದ ಹಳೆಯ ಕೆಲಸ ಕೆಡದೆ ಉಳಿದಿದೆ. ಅದರ ಬುಡಕ್ಕೆ ಬಗ್ಗಿ ನೋಡಿ. ಗೋವಾದ ಎಷ್ಟೋ ಪುಲ್ಪಿತ್‌ಗಳನ್ನು ಕೆಳಗಿನಿಂದ ಹೊತ್ತಿರುವುದು ಸೊಂಟದ ಕೆಳಗೆ ಬಾಲ ಸುತ್ತಿಕೊಂಡ ಹೆಣ್ಣು ಆಕೃತಿಗಳು. ಯುರೋಪಿನ ಮತ್ಸ್ಯಕನ್ಯೆ ಅಂತ ಪಾದ್ರಿಗಳು ಒಪ್ಪಿಕೊಂಡಿದ್ದಿರಬಹುದು. ನಾಗಿಣಿಯನ್ನು ನೋಡಿ ಬೆಳೆದ ಬಡಗಿಯ ಕೈಗೆ ಅದು ಹೊಸದೇನೂ ಆಗಿರಲಿಲ್ಲ. ಇಂಥ ಇನ್ನೊಂದು ಉದಾಹರಣೆ ರೇಯಿಸ್ ಮಾಗೋಸ್‌ನಲ್ಲಿದೆ. ಮೆಟ್ಟಿಲಿನ ಬುಡದ ಸಿಂಹಗಳನ್ನು ವಿಜಯನಗರದ ಕಡೆಯ ಶೈಲಿ ಅಂತ ಗುರುತಿಸುತ್ತಾರೆ. ಹಂಪಿ ನೋಡಿದ ಮಕ್ಕಳಿದ್ದರೆ ಅವರೇ ಹೇಳುತ್ತಾರೆ.

ಕಿಟಕಿಗಳಲ್ಲಿ ಗಾಜಿನ ಬದಲು ತೆಳು ಚಿಪ್ಪು ಕೂರಿಸಿದ ಮರದ ಚೌಕಟ್ಟು ಉಳಿದಿದ್ದರೆ ನಿಮ್ಮ ಅದೃಷ್ಟ. ಬೆಳಕು ಬಿಡುತ್ತದೆ, ಬಿಸಿಲು ಚುಚ್ಚುವುದಿಲ್ಲ.

ಗಂಟೆಗೂ ಬಲಿಪೀಠಕ್ಕೂ ಒಂದು ಎಚ್ಚರಿಕೆ: ಅವು ಆ ಇಗರ್ಜಿಯವೇ ಆಗಿರಬೇಕಿಲ್ಲ. 1835ರಲ್ಲಿ ಗೋವಾದ ಸನ್ಯಾಸಿ ಮಠಗಳನ್ನೆಲ್ಲ ಮುಚ್ಚಿದರು. ಹಳೆ ಗೋವಾ ಆಗಲೇ ರೋಗರುಜಿನಗಳಿಂದ ಖಾಲಿಯಾಗಿತ್ತು. ಅಲ್ಲಿನ ಅಗಸ್ಟಿನಿಯನ್ ಸನ್ಯಾಸಿಗಳ ದೊಡ್ಡ ಚರ್ಚಿನ ಕಮಾನು 1842ರಲ್ಲಿ ಕುಸಿಯಿತು, 1931ರಲ್ಲಿ ಮುಂಗೋಡೆಯೂ ಬಿತ್ತು. ಈಗ ಉಳಿದಿರುವುದು ಒಂಟಿ ಗೋಪುರದ ತುಂಡು. ಅಲ್ಲಿನ ಗಂಟೆ ಮೊದಲು ಅಗ್ವಾದ ಕೋಟೆಯ ದೀಪಸ್ತಂಭಕ್ಕೆ, ಆಮೇಲೆ 1871ರಲ್ಲಿ ಪಣಜಿಯ ಚರ್ಚಿಗೆ ಬಂತು. ನೀವು ಪಣಜಿಯಲ್ಲಿ ದಿನಾ ಕೇಳುವ ಗಂಟೆ ಅದೇ. ನಿಮ್ಮ ಹತ್ತಿರದ ಸಾಳಗಾಂವ್ ಕೂಡ ಹೀಗೇ. ಅಲ್ಲಿನ ಮಾಯ್ ದೆ ದೇವುಸ್ ಚರ್ಚು ಕಟ್ಟಿದ್ದು 1873ರಲ್ಲಿ, ಗೋವಾದಲ್ಲಿ ಅಪರೂಪವಾದ ಚೂಪು ಕಮಾನಿನ ಗೋಥಿಕ್ ಶೈಲಿಯಲ್ಲಿ. ಒಳಗಿನ ಮಾತೆಯ ಮೂರ್ತಿ ಮಾತ್ರ ಹಳೆ ಗೋವಾದ ದಾವ್ಜಿಯ ಹಾಳುಬಿದ್ದ ಮಠದಿಂದ ತಂದದ್ದು. ಮೂರ್ತಿಯ ವಯಸ್ಸು ನೋಡಿ ಕಟ್ಟಡದ ವಯಸ್ಸು ಹೇಳಿದರೆ ಅಲ್ಲಿ ಪೂರ್ತಿ ದಾರಿ ತಪ್ಪುತ್ತೀರಿ.

ನೆಲದ ಮೇಲಿನ ಅಕ್ಷರದ ಕಲ್ಲುಗಳು ಸಮಾಧಿಗಳು. 19ನೇ ಶತಮಾನದಲ್ಲಿ ಹೊರಗೆ ಸ್ಮಶಾನ ಮಾಡುವವರೆಗೂ ಚರ್ಚಿನೊಳಗೇ ಹೂಳುತ್ತಿದ್ದರು. ‘ಸೆಪುಲ್ತುರಾ’ (ಸಮಾಧಿ) ಅಂತ ಶುರುವಾಗಿ, ಒಬ್ಬರ ಹೆಸರು, ಆಮೇಲೆ ಅವರ ವಾರಸುದಾರರದು ಅಂತ ಇದ್ದರೆ ಅದು ಒಂದು ಕುಟುಂಬ ಕೊಂಡ ಜಾಗ. ಯಾರ ಕಲ್ಲು ಬಲಿಪೀಠಕ್ಕೆ ಹತ್ತಿರ ಇದೆ ಅಂತ ನೋಡಿದರೆ ಆ ಊರಿನ ದೊಡ್ಡ ಮನೆತನ ಯಾವುದು ಅಂತ ತಿಳಿಯುತ್ತದೆ. ಮತ ಬದಲಾದರೂ ಜಾತಿ ಹೋಗಲಿಲ್ಲ. ಹಬ್ಬ ನಡೆಸುವ ಕೊಂಫ್ರಾರಿಗಳು, ಅಂದರೆ ಭಕ್ತರ ಸಂಘಗಳು, ಎಷ್ಟೋ ಊರುಗಳಲ್ಲಿ ಜಾತಿಯ ಪ್ರಕಾರವೇ ಇದ್ದವು. ದೊಡ್ಡ ಮಕ್ಕಳಿಗೆ ಇದನ್ನೂ ಹೇಳಿ, ಮುಚ್ಚಿಡುವುದು ಬೇಡ.

ಇನ್ನು ಹೋಗುವ ವಿಷಯ. ಭಾನುವಾರ ಬೆಳಿಗ್ಗೆ ಬೇಡ, ಬಲಿಪೂಜೆ ಇರುತ್ತದೆ. ಬೇರೆ ದಿನ ಬಹಳಷ್ಟು ಹಳ್ಳಿ ಇಗರ್ಜಿಗಳಿಗೆ ಬೀಗ. ಮೊದಲೇ ಹೋಗಿ ಪಾದ್ರಿಯವರನ್ನು ಕಂಡು ಕೇಳಿಕೊಳ್ಳಿ, ಮಕ್ಕಳಿಗಾಗಿ ಅಂದರೆ ಸಾಮಾನ್ಯವಾಗಿ ತೆರೆಸುತ್ತಾರೆ. ಸಂಘದಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ಕುಟುಂಬ ಇದ್ದರೆ ಅವರನ್ನೇ ಮುಂದೆ ಬಿಡಿ. ಅವರ ಹಿರಿಯರಲ್ಲಿ ಬಹಳ ಮಂದಿ ಬಾರ್ದೇಸ್, ಸಾಷ್ಟಿಯಿಂದಲೇ ಕೆನರಾಕ್ಕೆ ಹೋದವರು, ಕೊಂಕಣಿಯಲ್ಲಿ ಮಾತೂ ಸಲೀಸು. ಮೊದಲು ಮಕ್ಕಳನ್ನು ಹೊರಗೆ ಒಂದು ಸುತ್ತು ಹಾಕಿಸಿ. ಗೋಡೆಯ ದಪ್ಪ ಎಲ್ಲಿ ಬದಲಾಗುತ್ತದೆ, ಗೋಪುರ ಹಜಾರಕ್ಕೆ ಸೇರುವ ಕಡೆ ಬಿರುಕು ಇದೆಯಾ ಅಂತ ಹುಡುಕಲಿ. ಅಂಥ ಗೆರೆ ಸಿಕ್ಕರೆ ಎರಡು ಕಾಲದ ಕೆಲಸ ಅಲ್ಲಿ ಕೂಡಿದೆ ಅನ್ನುವುದಕ್ಕೆ ಒಳ್ಳೆಯ ಸುಳಿವು. ಬೋರ್ಡಿಗೂ ಗೋಡೆಗೂ ಇರುವ ವ್ಯತ್ಯಾಸ ಅವರಿಗೇ ಹೊಳೆಯುತ್ತದೆ. ಆಮೇಲೆ ಒಳಗೆ. ಸಮಾಧಿ ಕಲ್ಲಿನ ಅಕ್ಷರ ಓದಲು ಸೀಮೆಸುಣ್ಣ ಉಜ್ಜಬೇಡಿ, ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡ ಹಿಡಿದರೆ ಸಾಕು, ಸವೆದ ಅಕ್ಷರವೂ ಏಳುತ್ತದೆ. ದಿವಾಡಿಗೆ ಹೋಗುವುದಾದರೆ ಹಳೆ ಗೋವಾದಿಂದ ಫೆರಿ ಇದೆ.